ಮೊಣಕಾಲು ಮತ್ತು ಮೂರನೆಯ ರೊಟ್ಟಿ

ಕುಂಟುತ್ತ ನಡೆಯುವ ಮನುಷ್ಯನಿಗೆ ಗುಟ್ಟು ಅನ್ನುವುದು ಇರುವುದಿಲ್ಲ. ತಲೆನೋವಾದರೆ ನೀವಾಗಿ ಹೇಳುವವರೆಗೆ ಯಾರಿಗೂ ತಿಳಿಯದು. ಹಲ್ಲುನೋವನ್ನು ಬಾಯಿ ಮುಚ್ಚಿಕೊಂಡು ಕಳೆಯಬಹುದು. ಮೊಣಕಾಲು ಹಾಗಲ್ಲ, ಅದು ನಿಮಗಿಂತ ಮೊದಲೇ ಬೀದಿಗೆ ಬಂದು ಸುದ್ದಿ ಹೇಳಿಬಿಡುತ್ತದೆ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಿಂದ ಮೂಲೆಯ ಹಾಲಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಜನ “ಏನಾಯ್ತ್ರಿ ಸರ್?” ಎಂದು ಕೇಳುತ್ತಾರೆ, ಐದನೆಯವರು ಕೇಳದೆಯೇ ಔಷಧ ಹೇಳುತ್ತಾರೆ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದೆ. ಸಾಸಿವೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕರಿದು ತಿಕ್ಕಿದೆ. ಎರಡು ತಿಂಗಳಲ್ಲಿ ನನ್ನ ಬಲ ಮೊಣಕಾಲಿಗೆ ಒಗ್ಗರಣೆಯ ವಾಸನೆ ಹತ್ತಿತೇ ಹೊರತು ನೋವು ಇದ್ದಲ್ಲೇ ಇತ್ತು.

ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಬಸ್ಸಿನಿಂದ ಇಳಿಯುವಾಗ ಕಾಲು ಹೊರಳಿತು. ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರುವವನು. ಹಾಗಾಗಿ ಜನ ನಂಬಿದರು. ನಿಜ ಸಂಗತಿಯನ್ನು ಇಲ್ಲಿ, ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ನನ್ನ ಹೆಂಡತಿ ಮಹಾದೇವಿ ಅಂದೇ ಕಾಯಿದೆ ಹೊರಡಿಸಿದಳು: ಸಿಹಿ ಬಂದ್, ಬಾಳೆಹಣ್ಣಂತೂ ಮುಟ್ಟುವ ಹಾಗೇ ಇಲ್ಲ. ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದ ಹೆಂಗಸು ತಾನೂ ಸಪ್ಪೆ ಚಹಾ ಕುಡಿಯತೊಡಗಿದಳು. ಕೇಳಿದರೆ, “ಮನ್ಯಾಗ ಎರಡು ನಮೂನಿ ಚಾ ಯಾರು ಕುದಸ್ತಾರ್ರಿ?” ಎಂದು ಸೋಮಾರಿತನದ ನೆಪ ಹೇಳಿದಳು. ಇಂಥ ಹೆಂಡತಿಗೆ ನಾನು ಮಾಡಿದ್ದೇನು? ಸಂಜೆ ಶಾಲೆ ಬಿಟ್ಟ ಮೇಲೆ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಹಸೀನಾಬಿಯ ಬುಟ್ಟಿಯಿಂದ ದಿನಕ್ಕೊಂದು ಕೆಂಪು ಬಾಳೆಹಣ್ಣು ಕೊಂಡು ತಿನ್ನುತ್ತಿದ್ದೆ. ಕೆಂಪು ಬಾಳೆಗೇ ಹೆಸರಾದ ಕಮಲಾಪುರದಲ್ಲಿ ನೌಕರಿ ಮಾಡುತ್ತ ಅದನ್ನು ತಿನ್ನಬೇಡ ಅನ್ನುವುದು ಮನುಷ್ಯರು ಹಾಕುವ ಶಿಕ್ಷೆಯಲ್ಲ. ಆ ಊರು ಮಹಾದೇವಿಯ ತವರೂ ಆಗಿದ್ದರಿಂದ ಗೋಡೆಯ ಮರೆಯಲ್ಲಿ ನಿಂತು ತಿನ್ನುತ್ತಿದ್ದೆ. ಒಂದು ಸಂಜೆ ಬಸ್ಸು ಬಂದೇ ಬಿಟ್ಟಿತು. ಪ್ರತಿ ಸೋಮವಾರ ಪ್ರಾರ್ಥನೆಯಲ್ಲಿ ಮಕ್ಕಳಿಗೆ ಸ್ವಚ್ಛತೆಯ ಭಾಷಣ ಮಾಡುವ ನಾನು ಸಿಪ್ಪೆಯನ್ನು ಅಲ್ಲೇ ಕಾಲ ಬುಡದಲ್ಲಿ ಎಸೆದೆ, ಕಿಟಕಿಯ ಸೀಟಿಗಾಗಿ ಗಿರಕ್ಕನೆ ತಿರುಗಿ ಓಡಿದೆ, ಅದರ ಮೇಲೆಯೇ ಕಾಲಿಟ್ಟೆ.

“ಯಾ ಅಲ್ಲಾ! ಮಾಸ್ತರ್ ಸಾಬ್, ಬಿದ್ರಿ ಏನ್ರಿ?” ಎಂದು ಹಸೀನಾಬಿ ಬುಟ್ಟಿ ಬಿಟ್ಟು ಓಡಿ ಬಂದು ಎಬ್ಬಿಸಿದಳು. ಯಾರಿಗೂ ಹೇಳಬೇಡವ್ವ ಎಂದು ಬೇಡಿಕೊಂಡೆ. ಮನೆಗೆ ಬಂದು ಬಸ್ಸಿನ ಕಥೆ ಹೇಳಿದೆ. ಮಹಾದೇವಿ ಕಾಲಿಗೆ ಎಣ್ಣೆ ತಿಕ್ಕಿದಳು, ಮರುದಿನ ನನ್ನ ಚಪ್ಪಲಿಯನ್ನೂ ತೊಳೆದು ಬಿಸಿಲಿಗಿಟ್ಟಿದ್ದಳು. ಎಷ್ಟು ಕಾಳಜಿ ನೋಡಿ ಎಂದು ನನ್ನ ಕಣ್ಣು ತುಂಬಿ ಬಂತು.

ಕೊನೆಗೆ ಎಲುಬಿನ ಡಾಕ್ಟರ ಹತ್ತಿರ ಹೋಗಲೇಬೇಕಾಯಿತು. ಅವರು ಕಾಲನ್ನು ಆ ಕಡೆ ಈ ಕಡೆ ಹೊರಳಿಸಿ, ನಾನು ಅಯ್ಯೋ ಅಂದಲ್ಲೆಲ್ಲ ತೃಪ್ತಿಯಿಂದ ತಲೆ ಆಡಿಸಿ, “ಬಸ್ಸಿನಿಂದ ಇಳಿದ್ರ ಕಾಲು ಹಿಂಗ ತಿರುಚಂಗಿಲ್ಲಲ್ರಿ. ಇದು ಜಾರಿ ಬಿದ್ದಂಗ ಅದ,” ಎಂದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮಹಾದೇವಿ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಎಂಆರ್‌ಐ ಬರೆದ ಡಾಕ್ಟರು ಪೆನ್ನು ಮುಚ್ಚುವಾಗ ನೆನಪು ಮಾಡಿಕೊಂಡು ಕೇಳಿದರು, “ಸಕ್ಕರಿ ಅದ ಏನು? ಹಂಗಾದ್ರ ರಕ್ತನೂ ಕೊಟ್ಟು ಹೋಗ್ರಿ. ಮೂರು ತಿಂಗಳಿನ ಸರಾಸರಿ ಗೊತ್ತಾಗ್ತದ.”

ಸರಾಸರಿ ಎಂದರೇನು ಎಂದು ಮಕ್ಕಳಿಗೆ ಕಲಿಸುವವನೇ ನಾನು. ಒಂದು ದಿನ ಉಪವಾಸ ಕೂತರೆ ತೊಂಬತ್ತು ದಿನದ ಸರಾಸರಿ ಜಗ್ಗುವುದಿಲ್ಲ. ಆಪರೇಷನ್ನಿಗೆ ನಾನು ಹೆದರಲಿಲ್ಲ. ನನಗಾಗಿ ಎರಡು ವರ್ಷ ಸಪ್ಪೆ ಚಹಾ ಕುಡಿದವಳು ಆ ಕಾಗದ ಓದಿ ನನ್ನ ಮುಖ ನೋಡುತ್ತಾಳಲ್ಲ, ಅದಕ್ಕೆ ಹೆದರಿದೆ.

ಸ್ಕ್ಯಾನಿಂಗಿಗೆ ಹೋದರೆ ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದರು. ವಾಚು, ಉಂಗುರ ತೆಗೆದೆ. ಉಳಿದದ್ದು ಸೊಂಟದ ಬೆಳ್ಳಿಯ ಉಡುದಾರ. ಹಿಂದೊಮ್ಮೆ ತೆಗೆಯಲು ಹೋಗಿ, ಹೊಟ್ಟೆ ದಾಟಿಸಲಾರದೆ ಅಕ್ಕಸಾಲಿಗನನ್ನು ಕರೆಸಬೇಕಾಗಿತ್ತು. ಈ ಸಲ ಮಹಾದೇವಿ ಎರಡು ಬೆರಳಲ್ಲಿ ಎಳೆದದ್ದೇ ತಡ ಸಲೀಸಾಗಿ ಜಾರಿ ಬಂತು. ಅದನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ ಅವಳು ತನ್ನಷ್ಟಕ್ಕೆ ನಕ್ಕಳು. ಯಾಕೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಳಗೆ ಯಂತ್ರ ಹಿಟ್ಟಿನ ಗಿರಣಿಯ ಹಾಗೆ ಗದ್ದಲ ಹಾಕುತ್ತಿತ್ತು, ನಾನು ಅಲುಗಾಡದೆ ಮಲಗಿ ತಪ್ಪೊಪ್ಪಿಗೆಯ ಮಾತುಗಳನ್ನು ಜೋಡಿಸುತ್ತಿದ್ದೆ. ನಾಲ್ಕು ಸಲ ಜೋಡಿಸಿದೆ. ನಾಲ್ಕರಲ್ಲೂ ತಪ್ಪು ಹಸೀನಾಬಿಯದೇ ಆಗುತ್ತಿತ್ತು.

ಮರುದಿನ ಮಹಾದೇವಿಯೇ ರಿಪೋರ್ಟುಗಳನ್ನು ತಂದಳು. ಸಂಜೆ ಡಾಕ್ಟರು ನೋಡಿ, ಎರಡು ಎಲುಬಿನ ನಡುವಿನ ಮೆತ್ತೆ ಒಂಚೂರು ಹರಿದಿದೆ, ಆಪರೇಷನ್ ಬೇಡ, ಆರು ವಾರ ವ್ಯಾಯಾಮ ಸಾಕು ಎಂದರು. ಆಮೇಲೆ ಇನ್ನೊಂದು ಕಾಗದ ಎತ್ತಿಕೊಂಡರು. ನಾನು ಕಣ್ಣು ಮುಚ್ಚಿದೆ. “ಸಕ್ಕರಿ ಭಾಳ ಛಲೋ ಇಟ್ಟೀರಿ ನೋಡ್ರಿ! ಹಿಂಗಽ ನಡಸ್ಕೊಂಡು ಹೋಗ್ರಿ.”

ಮೊದಲ ಅರ್ಧ ನಿಮಿಷ ದಿಗ್ಭ್ರಮೆ. ಮುಂದಿನ ಅರ್ಧ ನಿಮಿಷದಲ್ಲಿ ಇದು ನನ್ನದೇ ಸಾಧನೆ ಎಂದು ನನಗೆ ಖಾತ್ರಿಯಾಯಿತು. ಆಟೋ ಕೋಟೆಯ ಗೋಡೆಯ ಪಕ್ಕ ಸಾಗುವಾಗ ಮಹಾದೇವಿಗೆ ಮನೋನಿಗ್ರಹದ ಬಗ್ಗೆ ದೀರ್ಘವಾಗಿ ಮಾತಾಡಿದೆ. ಅವಳು “ಹೂಂ” ಎಂದಳು.

ಊಟಕ್ಕೆ ಕೂತಾಗ ನಾನು ಹಳೆಯ ಬೇಡಿಕೆಯೊಂದನ್ನು ಮುಂದಿಟ್ಟೆ. ಕಳೆದ ದಸರೆಯ ನಂತರ ರಾತ್ರಿಯ ಮೂರು ಜೋಳದ ರೊಟ್ಟಿ ಎರಡಾಗಿದ್ದವು. ಕೇಳಿದಾಗೆಲ್ಲ ಅವಳು, ಈ ಸಲ ಜೋಳ ಚೆನ್ನಾಗಿ ಬಂದಿಲ್ಲ, ರೊಟ್ಟಿ ಹರಿಯುತ್ತವೆ ಎನ್ನುತ್ತಿದ್ದಳು. “ಸಕ್ಕರಿನೇ ಹತೋಟಿಗಿ ಬಂತಲ್ಲ, ಇನ್ನಾದ್ರೂ ಮೂರನೇದು ಹಾಕು,” ಎಂದೆ.

“ರೊಟ್ಟಿ ಬೇಕೋ, ಬಾಳಿಹಣ್ಣು ಬೇಕೋ, ಒಂದು ಹೇಳ್ರಿ,” ಎಂದಳು ಮಹಾದೇವಿ. “ಎರಡೂ ಅಂದ್ರ ಆಗಂಗಿಲ್ಲ.”

ಮುರಿದ ರೊಟ್ಟಿಯನ್ನು ಮತ್ತೆ ತಾಟಿನಲ್ಲಿಟ್ಟೆ.

“ಹ್ವಾದ ದಸರಾ ಸೂಟ್ಯಾಗ ನಾ ಅಣ್ಣನ ಮನಿಗಿ ಹೋಗಿದ್ದೆನಲ್ಲ, ಬಸ್ ಸ್ಟ್ಯಾಂಡಿನಾಗ ಹಸೀನಾಬಿ ಕರದು ಒಂದು ಹಣ್ಣು ಕೈಯಾಗ ಇಟ್ಳು. ‘ಮಾಸ್ತರ್ ಸಾಬರಿಗಿ ಕೊಡ್ರಿ ಅಕ್ಕಾ, ಸೂಟ್ಯಾಗ ಪಾಪ ಅವ್ರಿಗಿ ಹಣ್ಣು ಸಿಕ್ಕಿಲ್ಲ’ ಅಂದ್ಳು. ನಿಮ್ಮ ಕೂಡ ಜಗಳಾಡೋದಕ್ಕಿಂತ ಒಂದು ರೊಟ್ಟಿ ಕಡಿಮಿ ಮಾಡೋದು ಹಗುರ ಅನಿಸ್ತು.”

ಇಂಥ ಹೊತ್ತಿನಲ್ಲಿ ಒಳ್ಳೆಯ ಗಂಡ ಕ್ಷಮೆ ಕೇಳುತ್ತಾನೆ. ನಾನು ಕೇಳಿದ್ದು, “ಆ ಹಣ್ಣು ಏನಾಯ್ತು?”

“ನಾ ತಿಂದೆ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ವರ್ಷವಿಡೀ ನೋಡುತ್ತ, ಹಾಲನ್ನಷ್ಟೇ ಅಳೆದು ಇಟ್ಟವಳು ಇವಳು. ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಹೇಳಲಾಗದಷ್ಟು ಪ್ರೀತಿಯೂ ಬಂತು. ಅವಳು ಎದ್ದು ಕೈಚೀಲದಿಂದ ಒಂದು ಕೆಂಪು ಬಾಳೆಹಣ್ಣು ತೆಗೆದಳು. ರಿಪೋರ್ಟು ತರಲು ಹೋದಾಗ ಮಾರ್ಕೆಟಿನಲ್ಲಿ ಕೊಂಡಿದ್ದಳಂತೆ. ಸಿಪ್ಪೆ ಸಮೇತ ಎರಡು ತುಂಡು ಮಾಡಿ ನನಗರ್ಧ ಕೊಟ್ಟು ತಾನರ್ಧ ತಿಂದಳು. ಗೋಡೆಯ ಮರೆಯಿಲ್ಲದೆ ತಿಂದ ಆ ಅರ್ಧ ಹಣ್ಣಿನ ರುಚಿಯೇ ಬೇರೆ. ತಿಂದು ಮುಗಿಸಿ, ಸಿಪ್ಪೆ ಹಿಡಿದು ಕಸದ ಬುಟ್ಟಿಯ ಕಡೆ ಏಳಲು ಹೋದೆ.

“ಕೂಡ್ರಿ,” ಎಂದು ಅವಳು ಕೈ ಚಾಚಿದಳು. “ಸಿಪ್ಪಿ ಇಲ್ಲಿ ಕೊಡ್ರಿ. ನೀವು ಬಿಸಾಕಿದ್ದು ಸಾಕು. ಆವತ್ತು ಚಪ್ಪಲಿಗಿ ಮೆತ್ತಿದ ಸಿಪ್ಪಿ ತೊಳದಾಕಿ ನಾನೇ ಅಲ್ಲೇನು?”

ಕೊಟ್ಟೆ.

ಮರುದಿನ ಬೆಳಿಗ್ಗೆ ಇಬ್ಬರೂ ಹಾಲಿಗೆ ಹೋದಾಗ ಮೂಲೆಯ ಅಂಗಡಿಯವರು ಎಂದಿನಂತೆ ಕೇಳಿದರು, “ಸರ್, ಕಾಲಿಗಿ ಏನಾಗಿತ್ತಂತ್ರಿ ಕಡಿಗಿ?” ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ ಕಣ್ಣು ಮಿಟುಕಿಸದೆ, “ಬಸ್ಸಿನಿಂದ ಇಳಿಯೂಮುಂದ ಹೊರಳಿತ್ರಿ. ಡ್ರೈವರ್ ಪೂರಾ ನಿಂದ್ರಸೇ ಇಲ್ಲ ನೋಡ್ರಿ,” ಎಂದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಒಂದು ಕ್ಷಣ ನನಗೇ ಆ ಡ್ರೈವರನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚನೆ ಹತ್ತಿತು. ಈ ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಜೋಳ ಚೆನ್ನಾಗಿ ಬಂದಿಲ್ಲ ಎಂಬುದರಂತೆ ನಾನು ಇನ್ನೇನೇನು ನಂಬಿಕೊಂಡು ಬಂದಿರಬಹುದು ಎಂದು ಎಣಿಸುತ್ತ, ಅವಳ ಹಿಂದೆ ಕುಂಟುತ್ತ ಮನೆಗೆ ಬಂದೆ.