ಒಣಗಬೇಕಿದ್ದ ಆರು ಕುಂಡ ರಾಗಿ

ಬನ್ರಮ್ಮ, ಕಾಲು ಚಾಚ್ಕೊಂಡು ಕೂತ್ಕೊಳ್ಳಿ, ಅವರೆಕಾಯಿ ಸುಲೀತಾ ಹೇಳ್ತೀನಿ. ಕೋಗಿಲು ಅನ್ನೋ ಊರಲ್ಲಿ ನಮ್ಮ ಹೊಲದಲ್ಲಿ ಮನೆ ಎದ್ದ ಮೇಲೆ ಮಹಡಿ ಬಾಡಿಗೆಗೆ ಬರೋರೆಲ್ಲ ಕೃಷಿ ವಿಶ್ವವಿದ್ಯಾಲಯದವರೇ. ಅವರಿದ್ದ ಕಡೆ ಇಂಥವು ನಡೀತಾನೇ ಇರ್ತವೆ.

ಓದಿನ ಮೇಲಿನ ಓದು

ಆ ಸಲ ಬಂದ ಹುಡುಗಿ ರಾಗಿ ಮೇಲೆ ಪಿಎಚ್‌.ಡಿ. ಮುಗಿಸಿದ್ದಳು. "ಇನ್ನು ಕೆಲಸ ತಾನೆ?" ಅಂದೆ.

"ಇಲ್ಲ ಅಜ್ಜಿ, ಪೋಸ್ಟ್‌ಡಾಕ್ ಮಾಡ್ಬೇಕು. ಇನ್ನೆರಡು ವರ್ಷ ಸಂಶೋಧನೆ. ಪ್ರೊಫೆಸರ್ ಒಬ್ಬರು ನನ್ನ ಒಪ್ಕೋಬೇಕು, ಮೂರು ಜನ ನಾನು ಒಳ್ಳೆಯವಳು ಅಂತ ಕಾಗದ ಕೊಡ್ಬೇಕು."

"ಅಯ್ಯೋ, ಪಿಎಚ್‌.ಡಿ. ಅಂದ್ರೆ ಮದುವೆ ಅಂದ್ಕೊಂಡಿದ್ದೆ ಕಣೇ. ಇನ್ನೂ ಹೆಣ್ಣು ನೋಡೋ ಶಾಸ್ತ್ರಾನೇ ಆಗಿಲ್ವಾ?"

ಅವಳಿಗೆ ನಗು ಬರಲಿಲ್ಲ. ಇದ್ದದ್ದು ಒಂದೇ ಜಾಗ. ಅದು ತಪ್ಪಿದರೆ ರಾಗಿ ಬಿಟ್ಟು, ಊರಿಗೆ ಹೋಗಿ ಅಪ್ಪನ ಬಟ್ಟೆ ಅಂಗಡೀಲಿ ಕೂರಬೇಕಿತ್ತು. "ಅಳಬೇಡ. ನಾಲ್ಕನೇ ಕಾಗದ ನಾನು ಕೊಡ್ತೀನಿ, ಹೆಬ್ಬೆಟ್ಟು ಒತ್ತಿ" ಅಂದೆ.

ನೀರು ಬೇಡದ ರಾಗಿ

ಆ ಪ್ರೊಫೆಸರ್‌ಗೆ ತೋರಿಸೋಕೆ ಅಂತ ತಾರಸಿ ಮೇಲೆ, ಶೀಟಿನ ಕೆಳಗೆ, ಹನ್ನೆರಡು ಕುಂಡ ಇಟ್ಟಳು. ಆರಕ್ಕೆ ನೀರು. ಬರ ತಡೀತಾವಾ ನೋಡೋಕೆ ಇನ್ನಾರಕ್ಕೆ ಹನಿಯೂ ಇಲ್ಲ. "ಮುಟ್ಟಬೇಡಿ ಅಜ್ಜಿ" ಅಂದಿದ್ದಳು.

ತಿಂಗಳಾಗೋ ಹೊತ್ತಿಗೆ ನೀರಿಲ್ಲದ ಆರೇ ಹೆಚ್ಚು ಹಸಿರು! ಸಂಜೆ ಚಾಪೆ ಮೇಲೆ ಒರಗಿಕೊಂಡು ಅವಳು ಹೇಳ್ತಿದ್ದಳು, "ಮಳೆಯೇ ಬರದ ಊರಲ್ಲೆಲ್ಲ ಇದು ಬೆಳೆಯುತ್ತೆ ಅಜ್ಜಿ." ತಲೆ ಮೇಲೆ ವಿಮಾನಗಳು ದೀಪ ಹಚ್ಚಿಕೊಂಡು ಮೆಲ್ಲಗೆ ಇಳೀತಿದ್ದವು. ಕಣ್ಣು ಮುಚ್ಚಿದರೆ ಈ ಮನೆಗಳೆಲ್ಲ ಕರಗಿ, ನಮ್ಮ ಹಳೇ ಹೊಲ ತೆನೆ ತೂಗ್ತಾ ಆಕಾಶದವರೆಗೂ ಹಬ್ಬಿಕೊಳ್ತಿತ್ತು. ಆ ಕನಸಿನೊಳಗೆ ನಾನೂ ನಡೆದುಬಿಟ್ಟೆ.

ಮಾರನೇ ಬೆಳಗ್ಗೆ ಮತ್ತೆ ಲೋಟ ಹಿಡ್ಕೊಂಡು ತಾರಸಿ ಹತ್ತಿದೆ. ದಿನಾ ಬೆಳಗ್ಗೆ ಆ ಆರಕ್ಕೂ ಅಕ್ಕಿ ತೊಳೆದ ನೀರು ಹಾಕ್ತಿದ್ದವಳು ನಾನೇ.

ಒಂದೇ ಜಾಗ

ಸಂದರ್ಶನದ ದಿನ ಬೆಳಗ್ಗೆ ತಡೆಯೋಕಾಗದೆ ಹೇಳ್ಬಿಟ್ಟೆ. ಉಪ್ಪಿಟ್ಟು ಬಿಟ್ಟು ಎದ್ದಳು.

"ಅಜ್ಜೀ! ಬೇಡ ಅಂದಿದ್ನಲ್ಲ!"

"ಆರಕ್ಕೆ ಉಣ್ಣಿಸಿ ಆರನ್ನ ಉಪವಾಸ ಕೆಡವಿದ್ರೆ ನನ್ನ ಕರುಳು ಒಪ್ಪುತ್ತಾ? ಸುಮ್ನಿದ್ದುಬಿಡು, ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಲ್ಲ ಅಜ್ಜಿ."

ಅವಳ ಆಟೋಗೆ ನಾನೂ ಹತ್ತಿಕೊಂಡೆ. ಒಳಗೆ ಹೋಗಿ ಅವಳು ಇದ್ದದ್ದು ಇದ್ದಂಗೆ ಹೇಳಿದಳಂತೆ. ಪ್ರೊಫೆಸರ್ ನನ್ನನ್ನೂ ಕರೆಸಿದರು.

"ಎಷ್ಟು ನೀರು ಹಾಕ್ತಿದ್ರಿ ಅಮ್ಮ?"

"ಕುಂಡಕ್ಕೊಂದು ಲೋಟ."

"ಎಷ್ಟು ಹೊತ್ತಿಗೆ?"

"ಇವಳ ಬಸ್ಸು ತಿರುವು ದಾಟಿದ ಮೇಲೆ."

"ಒಂದು ದಿನಾನೂ ತಪ್ಪಿಸಿಲ್ವಾ?"

"ಏಕಾದಶಿ ದಿನ ನಮ್ಮನೇಲಿ ಅಕ್ಕಿ ತೊಳೆಯಲ್ಲ ಸ್ವಾಮಿ. ಅವತ್ತು ಅವಕ್ಕೂ ಉಪವಾಸ."

ಅವರು ಎಲ್ಲ ಬರ್ಕೊಂಡು, ಪಕ್ಕದವರ ಕಡೆ ತಿರುಗಿದರು: "ಇರೋದು ಒಂದೇ ಜಾಗ. ಇವರಿಬ್ಬರಲ್ಲಿ ಯಾರಿಗೆ ಕೊಡೋಣ ಹೇಳಿ?"

ಕೊಟ್ಟದ್ದು ಹುಡುಗಿಗೇ. ಗೆದ್ದ ಬೆಳೆಯನ್ನ ತನ್ನದಲ್ಲ ಅಂದವಳನ್ನ ಬಿಡೋದು ಹೇಗೆ ಅಂದರಂತೆ. ಅವಳೀಗ ಅಲ್ಲೇ ಪಾಠ ಹೇಳ್ತಾಳೆ. ಪ್ರೊಫೆಸರ್ ನಿವೃತ್ತರಾಗಿ ಅಮೃತಹಳ್ಳೀಲಿ ಗುಲಾಬಿ ಬೆಳೀತಾರೆ, ಅಕ್ಕಿ ತೊಳೆದ ನೀರಲ್ಲೇ. ನನ್ನನ್ನ ಅವಳು ಮೊನ್ನೆ ಹೊಸ ರಾಗಿ ಹೊಲ ತೋರಿಸೋಕೆ ಕರ್ಕೊಂಡು ಹೋಗಿದ್ದಳು. ಗೇಟಿನಲ್ಲೇ ನಾನು ಕುಡಿಯೋಕೆ ತಂದಿದ್ದ ನೀರಿನ ಬಾಟ್ಲಿ ಈಸ್ಕೊಂಡು, ಆಮೇಲೆ ಒಳಗೆ ಬಿಟ್ಟಳು.