ತಂತಿಜೇಡ ರಿಪೇರಿ ಮಾಡಿದ ಇಟಲಿ ಬೈಕು

"ಹೇಳಿ ಭಾವನೋರೇ, ಈ ಇಸ್ತ್ರಿಪೆಟ್ಟಿಗೆ ಕೆಟ್ಟು ಎಷ್ಟು ದಿನ ಆಯ್ತು?"

"ಹೋದ ಯುಗಾದಿಗೆ ಕೆಟ್ಟಿದ್ದು."

"ರಿಪೇರಿ ಯಾರು ಮಾಡಿದ್ರು?"

"ನೀವೇ ಮಾಡಿದ್ರಿ. ಅದಕ್ಕೇ ಕೆಟ್ಟಿದ್ದು!"

ತ್ರಿಯಂಬಕ ಭಾವ ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳುವವರಲ್ಲ. ಅವರು ನನ್ನ ಹೆಂಡತಿ ವನಮಾಲಾಳ ಅಣ್ಣ. ನಾನು ಅವರಿಗೆ ಭಾವ, ಅವರು ನನಗೆ ಭಾವ. ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಇದರಿಂದ ನನಗಾಗಿರುವ ಲಾಭನಷ್ಟವನ್ನು ಇಲ್ಲಿ ಹೇಳಲು ಹೋಗುವುದಿಲ್ಲ.

ಅವರು ಚೀಲದಿಂದ ಒಂದು ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ತೆಂಗಿನಕಾಯಿಯಷ್ಟು ದಪ್ಪ, ಎಂಟು ಕಾಲು, ಮುಂದೆ ಒಂದೇ ಒಂದು ಗಾಜಿನ ಕಣ್ಣು.

"ತಂತಿಜೇಡ! ತಾಮ್ರ ತಿನ್ನುತ್ತೆ, ಹೊಟ್ಟೇಲಿ ಅದನ್ನ ವೈರ್ ಮಾಡಿ ನೂಲುತ್ತೆ. ಎಲ್ಲಿ ತುದಿ ಬಿಟ್ಟುಹೋಗಿದ್ಯೋ ಅಲ್ಲಿ ಜೋಡಿಸುತ್ತೆ. ಕೆಂಪು ಬಣ್ಣ ಕಂಡ್ರೆ ಅದು ತನ್ನ ಕೆಲಸದ ಜಾಗ ಅಂತ ತಿಳ್ಕೊಳ್ಳುತ್ತೆ. ಬೇರೆ ಬಣ್ಣದ ತಂಟೆಗೆ ಹೋಗಲ್ಲ. ನೋಡ್ತಿರಿ!"

ಇಸ್ತ್ರಿಪೆಟ್ಟಿಗೆಗೆ ಒಂದು ಕೆಂಪು ರಿಬ್ಬನ್ ಕಟ್ಟಿದರು. ಜೇಡ ಅದರೊಳಗೆ ನುಗ್ಗಿತು. ಒಳಗೆ ಸ್ವಲ್ಪ ಹೊತ್ತು ಪರಪರ ಸದ್ದಾಯಿತು. ಆಮೇಲೆ ಥೇಟು ತ್ರಿಯಂಬಕ ಭಾವನ ದನಿಯಲ್ಲೇ, "ತುದಿ ಸಿಕ್ಕಿತು! ಜೋಡಿಸಿದೆ!" ಎಂದು ಘೋಷಿಸಿ ಹೊರಬಂತು. ಪೆಟ್ಟಿಗೆ ಕಾದಿತ್ತು! ಮುಟ್ಟಿ ನೋಡಿದ ನನ್ನ ಬೆರಳೇ ಅದಕ್ಕೆ ಸಾಕ್ಷಿ.

"ನಾಳೆ ಆಯುಧಪೂಜೆ. ನಾಳೆ ನಿಮ್ಮ ಬೈಕು ಓಡುತ್ತೆ. ಓಡದಿದ್ರೆ ನನ್ನ ಹೆಸರು ತ್ರಿಯಂಬಕನೇ ಅಲ್ಲ!" ಎಂದರು ಭಾವ.

ಆ ಬೈಕಿನ ಕಥೆ ಹೇಳಲೇಬೇಕು. ಅದರ ಹೆಸರು ಬೆರ್ತಿನೆಲ್ಲಿ, ಹುಟ್ಟಿದ್ದು ಇಟಲಿಯಲ್ಲಿ. ನಮ್ಮೂರಿನಲ್ಲಿದ್ದ ಇಟಲಿಯ ಪಾದ್ರಿಯೊಬ್ಬರು ತಮ್ಮ ದೇಶಕ್ಕೆ ಹೊರಟಾಗ, ಅಷ್ಟು ವರ್ಷ ತಮಗೆ ಕನ್ನಡಕ ಮಾಡಿಕೊಟ್ಟ ನನ್ನಪ್ಪನಿಗೆ ಅದನ್ನು ಕೊಟ್ಟುಹೋದರು. ಇಡೀ ದೇಶದಲ್ಲೇ ಇಂಥದ್ದು ಇನ್ನೊಂದಿಲ್ಲ ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದರು. ನಿಜವಿರಬೇಕು. ಇನ್ನೊಂದು ಇದ್ದಿದ್ದರೆ ಒಂದು ಬಿಡಿಭಾಗವಾದರೂ ಎಲ್ಲಾದರೂ ಸಿಗುತ್ತಿತ್ತು!

ಅಪ್ಪ ಹೋದ ಮೇಲೆ ಕನ್ನಡಕದ ಅಂಗಡಿಯೂ ಬೈಕೂ ನನ್ನ ಪಾಲಿಗೆ ಬಂದವು. ಬೈಕಿನ ವೈರುಗಳನ್ನು ಮೊದಲು ಇಲಿಗಳು ಕಡಿದವು, ಆಮೇಲೆ ಊರಿನ ಮೆಕ್ಯಾನಿಕ್‌ಗಳು ಸರಿಪಡಿಸಿದರು. ಹೆಚ್ಚು ಹಾನಿಯಾದದ್ದು ಯಾರಿಂದ ಎಂದು ಹೇಳುವುದು ಕಷ್ಟ. ದೀಪ ಹಾಕಿದರೆ ಹಾರನ್ ಕೂಗುತ್ತಿತ್ತು, ಹಾರನ್ ಒತ್ತಿದರೆ ಇಂಜಿನ್ ನಿಲ್ಲುತ್ತಿತ್ತು. ಕೊನೆಗೊಂದು ದಿನ ಅದೂ ಇಲ್ಲ, ಇದೂ ಇಲ್ಲ. ಆದರೂ ಪ್ರತಿ ಆಯುಧಪೂಜೆಗೆ ಅದನ್ನು ತೊಳೆದು, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನಾನೇ ಹಿಂದಿನಿಂದ ತಳ್ಳಿ ಹತ್ತಿಸುತ್ತಿದ್ದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

ಈ ಸಲ ವನಮಾಲಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ಯಾರೂ ತಳ್ಳದೆ ಅದು ನಿಂಬೆಹಣ್ಣು ಹತ್ತಿದ್ರೆ ಮನೇಲಿರುತ್ತೆ. ಇಲ್ದಿದ್ರೆ ದಸರಾ ಮುಗಿದ ಮಾರನೇ ದಿನ ಗುಜರಿಗೆ! ಆ ಜಾಗದಲ್ಲಿ ನಾನು ಉಯ್ಯಾಲೆ ಹಾಕಿಸ್ತೀನಿ."

ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಆ ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅಂಗಡಿಗೆ ಕರೆದೊಯ್ಯುತ್ತಿದ್ದರು. ಅದನ್ನು ಗುಜರಿಯವನ ತಕ್ಕಡಿಗೆ ಹಾಕಲು ನನಗೆ ಮನಸ್ಸಿರಲಿಲ್ಲ. ಆದ್ದರಿಂದ, ತಿಳಿದೂ ತಿಳಿದೂ, ಭಾವನ ಯಂತ್ರಕ್ಕೆ ಒಪ್ಪಿದೆ.

ಬೆಳಗ್ಗೆ ಬೈಕು ಮಿಂದು, ಚೆಂಡುಹೂವಿನ ಹಾರ ಹಾಕಿಕೊಂಡು ಗೇಟಿನ ಮುಂದೆ ನಿಂತಿತ್ತು. ಮುಂದೆ ಎರಡು ನಿಂಬೆಹಣ್ಣು. ಭಾವ ಬೈಕಿಗೆ ಕೆಂಪು ರಿಬ್ಬನ್ ಕಟ್ಟಿ ಸೀಟಿನ ಮೇಲೆ ಜೇಡವನ್ನು ಕೂರಿಸಿ, "ಇನ್ನು ನೋಡೋದೇನೂ ಇಲ್ಲ, ಕೆಲಸ ಆದ ಹಾಗೇ!" ಎಂದು ಬೂದುಗುಂಬಳಕಾಯಿಗೆ ತೂತು ಕೊರೆಯಲು ಹೋದರು.

ಅಷ್ಟರಲ್ಲಿ ನಮ್ಮಮ್ಮ ಕುಂಕುಮದ ಬಟ್ಟಲು ಹಿಡಿದು ಬಂದರು. ಆಯುಧಪೂಜೆಯ ದಿನ ಅಮ್ಮನ ಕೈಗೆ ಸಿಕ್ಕ ಯಾವ ವಸ್ತುವೂ ಬೊಟ್ಟಿಲ್ಲದೆ ಉಳಿಯುವುದಿಲ್ಲ. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ಟೀವಿಯ ರಿಮೋಟ್ ಎಲ್ಲಕ್ಕೂ ಆಗಿತ್ತು. ಸೀಟಿನ ಮೇಲೆ ಹೊಸ ಯಂತ್ರ ಕಂಡಿತು. "ಪಾಪ, ಇದಕ್ಕೆ ಯಾರೂ ಇಟ್ಟೇ ಇಲ್ವಲ್ಲ!" ಎಂದವರೇ ಕುಂಕುಮವನ್ನು ನೀರಿನಲ್ಲಿ ಕಲಸಿ ದೊಡ್ಡದೊಂದು ಬೊಟ್ಟು ಇಟ್ಟರು. ಅದಕ್ಕೆ ಹಣೆ ಇರಲಿಲ್ಲವಾದ್ದರಿಂದ ಬೊಟ್ಟು ಕಣ್ಣಿಗೇ ಬಿತ್ತು.

ಜೇಡ ಒಂದು ಕ್ಷಣ ತಟಸ್ಥವಾಯಿತು. ಅದರ ಪಾಲಿಗೆ ಆಗ ಇಡೀ ಅರಸೀಕೆರೆಯೇ ಕೆಂಪಾಗಿತ್ತು! ಮರುಕ್ಷಣ ಬೈಕಿನಿಂದ ಧುಮುಕಿ, ಹಿಂದೆ ತಾಮ್ರದ ತಂತಿ ಎಳೆಯುತ್ತ ನಮ್ಮ ಮನೆಯೊಳಗೆ ಓಡಿತು.

"ತುದಿ ಸಿಕ್ಕಿತು! ಜೋಡಿಸಿದೆ!"

ಅಡುಗೆಮನೆಯಲ್ಲಿ ಮಿಕ್ಸಿ ತಾನೇ ತಿರುಗತೊಡಗಿತು. "ತುದಿ ಸಿಕ್ಕಿತು!" ಎಂದು ಇನ್ನೊಮ್ಮೆ ಕೇಳಿಸಿತು. ಫ್ಯಾನು ತಿರುಗಿ, ಪೂಜೆಗೆ ಬಿಡಿಸಿಟ್ಟಿದ್ದ ಹೂವೆಲ್ಲ ಹಾರಿಹೋದವು. ವನಮಾಲಾ ಹೊರಗೆ ಓಡಿಬಂದಳು.

"ಅಣ್ಣಾ! ಏನೋ ಇದು ನಿನ್ನ ಪಿಶಾಚಿ!"

"ಉತ್ಸಾಹ ಸ್ವಲ್ಪ ಜಾಸ್ತಿ ಆಗಿದೆ ಅಷ್ಟೇ ಕಣಮ್ಮಾ!"

ನಾನು ಕನ್ನಡಕದವನು. ಗಾಜಿನ ಮೇಲೆ ಕಲೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ರೋಗ ನನಗೆ ತಕ್ಷಣ ಗೊತ್ತಾಯಿತು. ಜೇಬಿನ ಒರೆಸುವ ಬಟ್ಟೆ ತೆಗೆದು ಜೇಡವನ್ನು ಹಿಡಿಯಲು ಹೋದೆ.

"ಮುಟ್ಟಬೇಡ್ವೋ!" ಅಮ್ಮ ಅಡ್ಡ ನಿಂತರು. "ಪೂಜೆ ಆಗಿರೋ ಆಯುಧಾನ ನಾಳೆ ಬೆಳಗ್ಗೆವರೆಗೂ ಮುಟ್ಟೋ ಹಾಗಿಲ್ಲ. ಕುಂಕುಮ ಬೇರೆ ಅಳಿಸ್ತಾನಂತೆ!"

"ಅಮ್ಮ, ಬೈಕನ್ನ ಮುಟ್ತೀವಲ್ಲ?"

"ವಾಹನದ ಶಾಸ್ತ್ರ ಬೇರೆ, ಆಯುಧದ ಶಾಸ್ತ್ರ ಬೇರೆ."

ಈ ಶಾಸ್ತ್ರಚರ್ಚೆ ನಡೆಯುತ್ತಿದ್ದಾಗಲೇ ಜೇಡದ ಹೊಟ್ಟೆಯಲ್ಲಿದ್ದ ತಾಮ್ರ ಮುಗಿದಿರಬೇಕು. ಅದು ಬಚ್ಚಲಮನೆಗೆ ನುಗ್ಗಿ ಹಂಡೆಗೆ ಬಾಯಿ ಹಾಕಿತು. ಅಮ್ಮನ ತವರಿನಿಂದ ಬಂದ ತಾಮ್ರದ ಹಂಡೆ! ಕಿವಿ ಮೊದಲು ಹೋಯಿತು, ಆಮೇಲೆ ಕಂಠ.

"ಅಯ್ಯಯ್ಯೋ, ನನ್ನ ಹಂಡೆ!"

"ಈಗಲಾದ್ರೂ ಮುಟ್ಟಲಾ ಅಮ್ಮ?"

ಅಮ್ಮ ಹಂಡೆ ನೋಡಿದರು, ಜೇಡದ ಕಣ್ಣಿನ ಬೊಟ್ಟು ನೋಡಿದರು. ಕಣ್ಣೊರೆಸಿಕೊಂಡು, "ಶಾಸ್ತ್ರ ಶಾಸ್ತ್ರಾನೇ" ಎಂದರು.

ಹಂಡೆ ತಿಂದು ತೇಗಿದ ಜೇಡ ಬೀದಿಗಿಳಿಯಿತು. ಎದುರುಮನೆ, ಅದರ ಪಕ್ಕದ ಮನೆ, ಅದರಾಚೆಯ ಮನೆ, ಎಲ್ಲ ಕಡೆಯಿಂದಲೂ ಭಾವನ ದನಿ ಕೇಳಿಬರುತ್ತಿತ್ತು. ಭಾವ ಮಾತ್ರ ನನ್ನ ಪಕ್ಕದಲ್ಲೇ ಹೆಮ್ಮೆಯಿಂದ ನಿಂತಿದ್ದರು. ಬೀದಿಯ ಉದ್ದಕ್ಕೂ ತಾಮ್ರದ ತಂತಿಗಳು ಹೊಳೆಯುತ್ತಿದ್ದವು. ಅಷ್ಟೂ ತಂತಿಗಳ ಬುಡ ನನ್ನ ಬೈಕಿನಲ್ಲಿತ್ತು.

"ಭಾವನೋರೇ, ರಾಹುಕಾಲ ಬರೋದ್ರೊಳಗೆ ಕಿಕ್ ಹೊಡೀರಿ! ವೈರಿಂಗ್ ಪೂರ್ತಿ ಆಗಿದೆ!"

ಹೊತ್ತಿಕೊಂಡ ಕೂಡಲೇ ನಿಂಬೆಹಣ್ಣು ಹತ್ತಲೆಂದು, ಬೈಕೇರಿ ಕ್ಲಚ್ ಹಿಡಿದು ಗೇರು ಹಾಕಿಯೇ ಕಿಕ್ ಹೊಡೆದೆ. ಬೈಕು ಕಮಕ್ ಕಿಮಕ್ ಎನ್ನಲಿಲ್ಲ. ಆದರೆ ಬೀದಿಯ ಎಲ್ಲ ಮನೆಗಳ ಕಾಲಿಂಗ್ ಬೆಲ್ ಒಟ್ಟಿಗೇ ಹೊಡೆದುಕೊಂಡವು! ಮತ್ತೊಮ್ಮೆ ಹೊಡೆದೆ. ಎಲ್ಲ ಮನೆಯ ಟೀವಿಗಳೂ ಒಂದೇ ಸೀರಿಯಲ್ ಹಾಕಿದವು. ಹಾರನ್ ಒತ್ತಿದೆ. ಬೀದಿಯ ಪಂಪುಗಳೆಲ್ಲ ಶುರುವಾಗಿ ಟ್ಯಾಂಕುಗಳು ತುಂಬಿ ಹರಿದವು. ಜನ ಬಾಗಿಲಿಗೆ ಬಂದು ಬೈಯತೊಡಗಿದರು.

ನಾನು ಸೋತೆ. ಗೇರು ತೆಗೆಯುವುದನ್ನೂ ಮರೆತು ಬೈಕಿನಿಂದಿಳಿದು ಸ್ಟಾಂಡ್ ಹಾಕಿದೆ. ವನಮಾಲಾ ಉಯ್ಯಾಲೆಯ ಕೊಂಡಿ ಎಲ್ಲಿ ಬರಬೇಕೆಂದು ಬೈಕು ನಿಲ್ಲಿಸುವ ಜಾಗದ ಚಾವಣಿಯ ಕಡೆ ನೋಡಿದಳು.

ಆಗ ಎದುರುಮನೆಯ ಕಮಲಾಕ್ಷಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು. "ಏನ್ರೀ ತ್ರಿಯಂಬಕಯ್ಯ! ನನ್ನ ಗ್ರೈಂಡರ್‌ಗೆ ಏನು ಮಾಡಿದ್ರಿ? ಆಗಿಂದ ವಡೆಗೆ ಉದ್ದು ಹಾಕ್ಕೊಂಡು ಕೂತಿದೀನಿ!"

"ಸ್ವಿಚ್ ಇನ್ನೊಂದು ಸಲ ಹಾಕಿ ನೋಡಿ ತಾಯಿ!"

"ಹಾಕ್ತೀನಿ. ತಿರುಗದಿದ್ರೆ ಉದ್ದನ್ನೆಲ್ಲ ತಂದು ನಿಮ್ಮ ತಲೆ ಮೇಲೇ ರುಬ್ತೀನಿ!"

ಅವರು ಒಳಗೆ ಹೋಗಿ ಸ್ವಿಚ್ ಹಾಕಿದರು. ಗ್ರೈಂಡರು ಗುರ್ ಎಂದಿತು. ಅದರ ಜೊತೆಗೇ, ಹತ್ತು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದ ಬೆರ್ತಿನೆಲ್ಲಿ ಢಮ್ ಎಂದು ಹೊಗೆಯುಗುಳಿ ಗುಡುಗಿತು! ಸ್ಟಾಂಡನ್ನು ಒದ್ದು, ಸವಾರನಿಲ್ಲದೆ, ಕೈ ತಾಗದೆ, ಹಾರ ಕುಣಿಸುತ್ತ ಮುಂದೆ ಸರಿದು ಎರಡೂ ನಿಂಬೆಹಣ್ಣುಗಳನ್ನು ಪಚಕ್ ಪಚಕ್ ಎಂದು ಅರೆಯಿತು. ಬೀದಿ ದಾಟಿ, ಕಮಲಾಕ್ಷಮ್ಮನ ಕನಕಾಂಬರದ ಪಾತಿಯಲ್ಲಿ ಮೂಗು ತೂರಿಸಿ ನಿಂತುಕೊಂಡಿತು. ಆದರೂ ಇಂಜಿನ್ ನಿಲ್ಲಲಿಲ್ಲ. ಅದೇ ಸದ್ದು! ಅಪ್ಪ ಅಂಗಡಿಗೆ ಹೊರಟಾಗಿನ ಅದೇ ಸದ್ದು! ಬೀದಿಯ ನಡುವೆ ನಿಂತು ನಾನು ಅತ್ತುಬಿಟ್ಟೆ.

"ಯಾರೂ ತಳ್ಳಲಿಲ್ಲ ಕಣೇ, ನೋಡಿದ್ಯಲ್ಲ!" ಎಂದೆ.

ವನಮಾಲಾ ಅಪ್ಪಚ್ಚಿಯಾದ ನಿಂಬೆಹಣ್ಣನ್ನೇ ನೋಡುತ್ತ ನಿಂತಳು. "ನೋಡ್ದೆ. ಆಡಿದ ಮಾತಿಗೆ ತಪ್ಪೋಳಲ್ಲ ನಾನು. ಇಟ್ಕೊಳ್ಳಿ" ಎಂದಳು.

"ನಾನು ಹೇಳಲಿಲ್ವಾ!" ಎಂದರು ಭಾವ. "ಬೈಕಿನ ಸ್ವಿಚ್ಚು ಈಗ ಎದುರುಮನೇಲಿದೆ, ಅಷ್ಟೇ ವ್ಯತ್ಯಾಸ!"

ವಿಜಯದಶಮಿಯ ಬೆಳಗ್ಗೆ ಅಮ್ಮನ ಅಪ್ಪಣೆ ಪಡೆದು ಜೇಡದ ಕಣ್ಣನ್ನು ನಾನೇ ಒರೆಸಿದೆ. ಬೀದಿಯವರ ವೈರುಗಳನ್ನೆಲ್ಲ ಅದು ಬಿಚ್ಚಿಕೊಟ್ಟಿತು. ಬೈಕಿಗೆ ಮಾತ್ರ ಕೆಂಪು ರಿಬ್ಬನ್ ಕಟ್ಟಿತ್ತಲ್ಲ, ಅದನ್ನು ತನ್ನ ಸ್ವಂತ ಕೆಲಸವೆಂದು ಕಾಯುತ್ತ ಕೂತಿದೆ. ಗ್ರೈಂಡರಿನ ವೈರು ಕತ್ತರಿಸಿದರೆ ಸಾಕು, "ತುದಿ ಸಿಕ್ಕಿತು!" ಎಂದು ಓಡಿಬಂದು ಮತ್ತೆ ಕಟ್ಟುತ್ತದೆ. ರಿಬ್ಬನ್ ಬಿಚ್ಚಲು ಹೋದರೆ ಕಚ್ಚುತ್ತದೆ.

ಹಾಗಾಗಿ ಈಗ ಬೈಕು ದಿನವೂ ಓಡುತ್ತಿದೆ. ಬೆಳಗ್ಗೆ ಗೇಟಿನ ಬಳಿ ನಿಂತು, "ಕಮಲಾಕ್ಷಮ್ಮನವರೇ, ಸ್ವಲ್ಪ ರುಬ್ಬಿ!" ಎಂದು ಕೂಗುತ್ತೇನೆ. ಇಂಜಿನ್ ಹೊತ್ತಿಕೊಂಡ ಮೇಲೆ ಜೇಡವೇ ವೈರು ಕಳಚಿ ಬೀಳ್ಕೊಡುತ್ತದೆ. ಏಕಾದಶಿಯ ದಿನ ಮಾತ್ರ ನಡೆದೇ ಅಂಗಡಿಗೆ ಹೋಗುತ್ತೇನೆ. ಅವತ್ತು ಕಮಲಾಕ್ಷಮ್ಮನವರು ಏನನ್ನೂ ರುಬ್ಬುವುದಿಲ್ಲ.