ಕೇಶ್ವಾಪುರದ ಹಿತ್ತಾಳೆ ವಿಮಾನಗಳು

ಹುಬ್ಬಳ್ಳಿಯಲ್ಲಿ ಹದಿನೇಳು ವಿಮಾನಗಳ ಒಡೆಯರು ಯಾರಾದರೂ ಇದ್ದರೆ ಅವರು ನಮ್ಮ ಮಾಮಾ ಒಬ್ಬರೇ! ಮಾಮಾ ಎಂದರೆ ಅಕ್ಕನ ಗಂಡ. ನಮ್ಮ ಕಡೆ ಹಾಗೆಯೇ ಕರೆಯುವುದು. ಅರವತ್ತನೇ ಇಸವಿಯ ಆಸುಪಾಸಿನ ಮಾತು. ಕೇಶ್ವಾಪುರದಲ್ಲಿ ಮನೆ, ಶಾಲೆಯಲ್ಲಿ ಗಣಿತದ ಮಾಸ್ತರಿಕೆ. ಸ್ವತಃ ವಿಮಾನ ಹತ್ತಿದವರಲ್ಲ. ಧಾರವಾಡದ ಬಸ್ಸು ಹತ್ತಿದರೂ ಎರಡೂ ಕೈಯಿಂದ ಕಂಬಿ ಹಿಡಿದು ಕೂರುವ ಜೀವ ಅದು.

ವಿಮಾನಗಳೆಲ್ಲ ಗೇಣುದ್ದದವು, ಹಿತ್ತಾಳೆಯವು. ಯುದ್ಧದ ಕಾಲದಲ್ಲಿ ಸಿಪಾಯಿಗಳು, ಫಿಟ್ಟರುಗಳು ಬಿಡುವಿನ ಹೊತ್ತಿನಲ್ಲಿ ಗುಂಡು ಹಾರಿಸಿ ಉಳಿದ ಖಾಲಿ ತೋಟಾ ಕತ್ತರಿಸಿ, ಅರದಿಂದ ಉಜ್ಜಿ, ಬೆಸೆದು ಮಾಡಿದವು. ಯುದ್ಧ ಮುಗಿದ ಮೇಲೆ ಟ್ರಂಕಿನಲ್ಲಿ ಊರಿಗೆ ಬಂದವು, ಕೆಲವು ವರ್ಷ ಗೋಡೆಯ ಗೂಡಿನಲ್ಲಿ ನಿಂತವು, ಆಮೇಲೆ ಮನೆಯ ಹೆಂಗಸರ ಕಣ್ಣಿಗೆ ಬಿದ್ದವು. ಹಳೆಯ ಹಿತ್ತಾಳೆ ಹಾಕಿ ಹೊಸ ಕೊಡ ತರುವುದು ಯಾವ ಹೆಂಗಸಿಗೆ ಬೇಡ? ಹೀಗೆ ಅವು ದುರ್ಗದಬೈಲಿನ ಭಾಂಡೆ-ಪಾತ್ರೆಯ ಅಂಗಡಿಗೆ ಬಂದಿಳಿಯುತ್ತಿದ್ದವು. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಾಮಾ ಅಲ್ಲಿ ಹಾಜರಾಗುತ್ತಿದ್ದರು.

ಅಂಗಡಿಯವರ ಕರಾರು ಒಂದೇ: ವಿಮಾನದ ತೂಕದಷ್ಟು ಬೇರೆ ಹಿತ್ತಾಳೆ ಕೊಡಬೇಕು. ಮಾಮಾ ಎಲ್ಲಿಂದ ತರಬೇಕು? ಅಕ್ಕನ ಅಡಿಗೆಮನೆಯಿಂದ! ಒಂದು ವಿಮಾನ ಬಂತೆಂದರೆ ಒಂದು ತಂಬಿಗೆ ಹೋಯಿತು. ಜೋಡಿರೆಕ್ಕೆಯ ದೊಡ್ಡ ವಿಮಾನ ಬಂದ ದಿನ ಅಕ್ಕ ಹಿಟ್ಟು ನಾದುವ ತವರಿನ ಪರಾತವೇ ಮಾಯ. ಒಮ್ಮೆ ಬೀಗರು ಬಂದಾಗ ಕಾಲಿಗೆ ನೀರು ಕೊಡಲು ಮನೆಯಲ್ಲಿ ತಂಬಿಗೆಯೇ ಇರಲಿಲ್ಲ. ಅಕ್ಕ ಚಹಾದ ಕೆಟಲಿಯಲ್ಲಿ ತಂದುಕೊಟ್ಟಳು. ಬೀಗರು ಇದೇನೋ ಹೊಸ ಪದ್ಧತಿ ಇರಬೇಕೆಂದು ಸುಮ್ಮನೆ ಕಾಲು ತೊಳೆದುಕೊಂಡರು.

ಖರೇ ಹೇಳಬೇಕೆಂದರೆ ಮಾಮಾನಿಗೆ ಬೇಕಾಗಿದ್ದದ್ದು ವಿಮಾನವಲ್ಲ, ಅದನ್ನು ಮಾಡಿದವನ ಹೆಸರು. ವಿಮಾನ ಕೈಗೆ ಬಂದ ಕೂಡಲೇ ಬೋರಲು ಹಾಕಿ, ಭೂತಗನ್ನಡಿ ಹಿಡಿದು ಹೊಟ್ಟೆ ನೋಡುವರು. ಹೆಸರು ಎಲ್ಲಿ ಬರಬೇಕು? ಆದರೂ ಬಿಡುವರೇ! ಅರದ ಗೆರೆ ನೋಡಿ ಇವನು ಎಡಚ, ಬೆಸುಗೆ ನೋಡಿ ಇವನು ಅವಸರದವ ಎಂದು ಜಾತಕ ಬರೆಯುವರು. ಒಂದು ವಿಮಾನಕ್ಕೆ ಗಾಲಿಯೇ ಇರಲಿಲ್ಲ. ಮಾಡಿದವನು ಮರೆತನೇನೋ ಎಂದು ನಾನು ಛೇಡಿಸಿದರೆ ಮಾಮಾ ನಗಲಿಲ್ಲ.

"ಮರ್ತಿಲ್ಲ, ಯವ್ವಾ. ಅಂವಾ ಮ್ಯಾಲೆ ಹಾರೂದನ್ನಷ್ಟ ನೋಡ್ಯಾನ. ಯಾಂವ ಇರಬೇಕು ಇಂವಾ?"

ದಸರೆಗೆ ಮುಂಚೆ ಓಣಿಗೆ ಭಾಂಡೆಯ ಮೇಲೆ ಹೆಸರು ಕೊರೆಯುವವನು ಬಂದ. ಮದುವೆ ಮುಂಜಿಗೆ ಎರವಲು ಹೋದ ಭಾಂಡೆ ಹೆಸರಿದ್ದರೆ ತಾನೆ ತಿರುಗಿ ಬರುವುದು? ಅಕ್ಕ ಅಳಿದುಳಿದ ಭಾಂಡೆಗಳ ಜೊತೆಗೆ ವಿಮಾನಗಳನ್ನೂ ಅವನ ಮುಂದೆ ಇಟ್ಟಳು. ಸಂಜೆ ಮಾಮಾ ಬಂದು ನೋಡಿದರೆ ಹದಿನೇಳು ವಿಮಾನಗಳ ರೆಕ್ಕೆಯ ಮೇಲೂ ಚುಕ್ಕಿಚುಕ್ಕಿಯಾಗಿ ಅವರದೇ ಹೆಸರು! ನಿಮ್ಮ ಜೀವವೇ ಇವು, ನಿಮ್ಮ ಹೆಸರೇ ಇರಲಿ ಎಂದಳು ಅಕ್ಕ, ಪ್ರೀತಿಯಿಂದಲೇ. ಮಾಮಾ ಬಯ್ಯಲಿಲ್ಲ. ಮಾಡಿದವರ ಹೆಸರು ಸಿಗಲಿಲ್ಲ, ಮಾಡದವನ ಹೆಸರು ಕೂತುಬಿಟ್ಟಿತು ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮುಂದಿನ ವಾರ ನವಲಗುಂದದ ಕಡೆಯ ಒಬ್ಬ ಮುದುಕಿ ಬಂದಳು. ಗಂಡ ಯುದ್ಧದಲ್ಲಿದ್ದಾಗ ಮಾಡಿದ ವಿಮಾನವನ್ನು ಗೂಡಿನಲ್ಲಿಟ್ಟು ಯಾರಿಗೂ ಮುಟ್ಟಗೊಡುತ್ತಿರಲಿಲ್ಲವಂತೆ. ಅವನು ತೀರಿದ ಮೇಲೆ, ಮಗಳ ಮದುವೆಯ ಕೊಡಕ್ಕಾಗಿ ಇವಳು ಅದನ್ನು ಹಳೇ ಹಿತ್ತಾಳೆಯ ಗಂಟಿನಲ್ಲಿ ಅಂಗಡಿಗೆ ಹಾಕಿದ್ದಳು. ಆಮೇಲೆ ಜೀವ ತಡೆಯದೆ ಹುಡುಕಿ ಬಂದಾಗ ಅಂಗಡಿಯವರು ಮಾಮಾನ ಮನೆ ತೋರಿಸಿದ್ದರು.

ಮಾಮಾ ಹದಿನೇಳನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟರು. ನೋಡುತ್ತ ಬಂದವಳು ಬಾಲ ಸ್ವಲ್ಪ ಡೊಂಕಾದ ಒಂದನ್ನು ಎತ್ತಿ ಎದೆಗೆ ಅವಚಿಕೊಂಡಳು. ಕೊನೆಗೂ ಒಂದು ಹೆಸರು! ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವಳು. ಹೇಗೆ ಕೇಳುವುದೆಂದು ಮಾಮಾ ತಡವರಿಸುತ್ತಿರುವಾಗ ಅವಳೇ ರೆಕ್ಕೆಯ ಚುಕ್ಕಿಗಳ ಮೇಲೆ ಬೆರಳಿಟ್ಟಳು.

"ಮಾಸ್ತರ್ರ, ನನಗ ಓದಾಕ ಬರಂಗಿಲ್ಲ. ಇಲ್ಲೇನ ಬರದೈತ್ರಿ?"

ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಬಿಳಿಚಿತು. ಮಾಮಾ ಬಗ್ಗಿ ಆ ಚುಕ್ಕಿಗಳನ್ನು ಓದುವವರಂತೆ ನೋಡಿದರು.

"ನಿಮ್ಮ ಮನಿಯವರ ಹೆಸರ ಐತಿ, ಯವ್ವಾ. ಮಾಡಿದವರದ ಇರತೈತಿ."

ಅವಳು ಆ ಚುಕ್ಕಿಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ. ಮಾಮಾ ಅವಳನ್ನು ಬಸ್ಸಿನವರೆಗೂ ಕಳಿಸಿ ಬಂದರು. ದಾರಿಯುದ್ದಕ್ಕೂ ಅವಳ ಊರು, ಮಗಳು, ಅಳಿಯ ಎಲ್ಲ ವಿಚಾರಿಸಿದರಂತೆ. ಹೆಸರೊಂದನ್ನು ಮಾತ್ರ ಕೇಳಲಿಲ್ಲ.